ಎರಡು ಭುಜಕ್ಕೂ ಪಟ್ಟಿ ಬಿಗಿದರೆ ಎರಡು ಪಟ್ಟು ಸುರಕ್ಷಿತವೇ?

ಗೆಳೆಯನೊಬ್ಬ ತನ್ನ ಕಾರಿಗೆ ಹೊಸದಾಗಿ ನಾಲ್ಕು ಪಟ್ಟಿಯ ರೇಸ್ ಹಾರ್ನೆಸ್ ಹಾಕಿಸಿದ್ದ. ಕೆಂಪು ಬಣ್ಣದ್ದು. ಎರಡು ಪಟ್ಟಿ ಭುಜಗಳ ಮೇಲಿಂದ ಇಳಿಯುತ್ತವೆ, ಎರಡು ಸೊಂಟದ ಅಕ್ಕಪಕ್ಕದಿಂದ ಬರುತ್ತವೆ, ನಾಲ್ಕೂ ಹೊಟ್ಟೆಯ ಮೇಲೆ ಒಂದು ದುಂಡನೆಯ ಬಕಲ್‌ನಲ್ಲಿ ಸೇರುತ್ತವೆ. ಪಕ್ಕದ ಸೀಟಿನಲ್ಲಿ ಕೂತು ಅದನ್ನು ಬಿಗಿದುಕೊಂಡಾಗ ನನಗೂ ಖುಷಿಯಾಯಿತು. ಯಾರೋ ಗಟ್ಟಿಯಾಗಿ ತಬ್ಬಿ ಹಿಡಿದ ಹಾಗಿತ್ತು. ಮೊದಲ ತಿರುವಿನಲ್ಲಿ ಅವನು ಸ್ವಲ್ಪ ಮುಂದೆ ಬಗ್ಗಿ ಪಕ್ಕದ ರಸ್ತೆಯಿಂದ ಯಾರಾದರೂ ಬರುತ್ತಿದ್ದಾರಾ ಅಂತ ನೋಡಬೇಕಿತ್ತು. ಬಗ್ಗಲು ಆಗಲಿಲ್ಲ. ಎರಡೂ ಭುಜದ ಪಟ್ಟಿಗಳನ್ನು ಒಂದು ಗೇಣು ಸಡಿಲ ಮಾಡಿಕೊಂಡ. "ಈಗ ಸರಿಯಾಯ್ತು ನೋಡು" ಅಂದ.

ಆ ಕ್ಷಣದಿಂದ ಅವನು ಕಾರಿನ ಜೊತೆಗೇ ಬಂದಿದ್ದ ಮಾಮೂಲಿ ಬೆಲ್ಟಿಗಿಂತ ಕಡಿಮೆ ರಕ್ಷಣೆಯಲ್ಲಿ ಕೂತಿದ್ದ. ಅದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

"ರೇಸ್‌ನವರೇ ಹಾಕ್ತಾರೆ ಅಂದ್ಮೇಲೆ ಒಳ್ಳೇದೇ ಅಲ್ವಾ?" ಅಂತ ಎಷ್ಟೋ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾರ್ನೆಸ್ ತನ್ನ ಜಾಗದಲ್ಲಿ ನಿಜವಾಗಿಯೂ ದೊಡ್ಡ ವಸ್ತು. 1954ರ ಡಿಸೆಂಬರ್ 10ರಂದು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ ಹಳಿಯ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ಕೂತು ಗಂಟೆಗೆ 632 ಮೈಲಿ ವೇಗ ಮುಟ್ಟಿದರು. ಅಂದರೆ ಸುಮಾರು 1,017 ಕಿಲೋಮೀಟರ್. ಅಲ್ಲಿಂದ 1.4 ಸೆಕೆಂಡಿನಲ್ಲಿ ಬಂಡಿ ನಿಂತಿತು. ಅವರ ದೇಹದ ಮೇಲೆ ಗುರುತ್ವದ 46.2 ಪಟ್ಟು ಹೊರೆ ಬಿತ್ತು. ಕಣ್ಣಿನ ರಕ್ತನಾಳಗಳು ಒಡೆದವು, ಆದರೆ ಬದುಕಿದರು. ಆಮೇಲೆ 89 ವರ್ಷದವರೆಗೂ ಬಾಳಿದರು. ಅವರನ್ನು ಹಿಡಿದಿಟ್ಟಿದ್ದು ಪಟ್ಟಿಗಳೇ. 2020ರ ನವೆಂಬರ್ 29ರಂದು ಬಹ್ರೇನ್‌ನಲ್ಲಿ ರೊಮೆ ಗ್ರೋಜಾನ್ ಅವರ ಫಾರ್ಮುಲಾ ಒನ್ ಕಾರು ಗಂಟೆಗೆ 192 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ನುಗ್ಗಿತು. ಹೊರೆ ಗುರುತ್ವದ 67 ಪಟ್ಟು. ಕಾರು ಎರಡು ತುಂಡಾಗಿ ಹೊತ್ತಿಕೊಂಡಿತು. ಅವರು 27 ಸೆಕೆಂಡಿನಲ್ಲಿ ತಾವಾಗಿಯೇ ಬೆಂಕಿಯಿಂದ ಎದ್ದು ಬಂದರು.

ಆದರೆ ಗ್ರೋಜಾನ್ ಅವರ ಮೈಮೇಲೆ ಏನೇನಿತ್ತು ಅಂತ ಒಮ್ಮೆ ನೋಡಿ. ತಲೆಗೆ ಹೆಲ್ಮೆಟ್. ಹೆಲ್ಮೆಟ್ಟನ್ನು ಭುಜಕ್ಕೆ ಕಟ್ಟಿ ಹಿಡಿಯುವ ಕುತ್ತಿಗೆ ರಕ್ಷಕ. ಮೈಯಳತೆಗೆ ಅಚ್ಚು ಹಾಕಿ ಮಾಡಿದ ಸೀಟು. ಸುತ್ತ ಕಾರ್ಬನ್ ಫೈಬರ್ ಗೂಡು, ತಲೆಯ ಮೇಲೆ ಹೇಲೋ ಅನ್ನುವ ಲೋಹದ ಕಮಾನು. ಹಾರ್ನೆಸ್ ಈ ಸಾಲಿನಲ್ಲಿ ಒಂದು ಕೊಂಡಿ ಅಷ್ಟೇ. ನನ್ನ ಗೆಳೆಯ ಆ ಒಂದೇ ಕೊಂಡಿಯನ್ನು ಕಿತ್ತು ತಂದು ಬೇರೆ ಸರಪಳಿಗೆ ಸೇರಿಸಿದ್ದ.

ನನ್ನನ್ನು ತುಂಬಾ ಯೋಚನೆಗೆ ಹಚ್ಚಿದ ಸಂಗತಿ ಇನ್ನೊಂದಿದೆ. ಇವತ್ತು ಎಲ್ಲ ಕಾರುಗಳಲ್ಲೂ ಇರುವ ಮೂರು ಬಿಂದುವಿನ ಬೆಲ್ಟು, ಅಂದರೆ ಒಂದು ಪಟ್ಟಿ ಸೊಂಟಕ್ಕೆ ಒಂದು ಪಟ್ಟಿ ಎದೆಗೆ ಅಡ್ಡಲಾಗಿ ಬರುವಂಥದ್ದು, 1959ರಲ್ಲಿ ವೋಲ್ವೋ ಕಾರುಗಳಲ್ಲಿ ಬಂತು. ಅದನ್ನು ರೂಪಿಸಿದವರು ನಿಲ್ಸ್ ಬೋಲಿನ್. ವೋಲ್ವೋಗೆ ಬರುವ ಮೊದಲು ಅವರು ಸಾಬ್ ಕಂಪನಿಯಲ್ಲಿ ಯುದ್ಧವಿಮಾನದಿಂದ ಪೈಲಟ್ಟನ್ನು ಹೊರಗೆ ಚಿಮ್ಮಿಸುವ ಸೀಟುಗಳ ಮೇಲೆ ಕೆಲಸ ಮಾಡಿದವರು. ಎರಡು ಭುಜಕ್ಕೂ ಪಟ್ಟಿ ಬಿಗಿಯುವುದು ಹೇಗೆ ಅನ್ನುವುದು ಅವರಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ, ಅವರ ದಿನದ ಕೆಲಸವೇ ಅದಾಗಿತ್ತು. ಆದರೂ ಕಾರಿಗೆ ಅವರು ಅದನ್ನು ತರಲಿಲ್ಲ. ಪೈಲಟ್‌ಗಳು ಜೀವ ಉಳಿಯುತ್ತದೆ ಅಂದರೆ ಏನು ಕೊಟ್ಟರೂ ಕಟ್ಟಿಕೊಳ್ಳುತ್ತಾರೆ, ಕಾರಿನಲ್ಲಿ ಹೋಗುವ ಜನ ಒಂದು ನಿಮಿಷ ಕೂಡ ಇರುಸುಮುರುಸು ಸಹಿಸುವುದಿಲ್ಲ ಅನ್ನುವುದು ಅವರ ಅನುಭವ. ಅದಕ್ಕೆ ಒಂದೇ ಕೈಯಲ್ಲಿ ಎಳೆದು ಸಿಕ್ಕಿಸುವಂಥ ಬೆಲ್ಟು ಮಾಡಿದರು. ವೋಲ್ವೋ ಅದರ ಪೇಟೆಂಟನ್ನು ಬೇರೆ ತಯಾರಕರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಮೂರು ಬಿಂದುವಿನ ಬೆಲ್ಟು ಹಾರ್ನೆಸ್‌ನ ಅರ್ಧ ಅಲ್ಲ. ಹಾರ್ನೆಸ್ ಚೆನ್ನಾಗಿ ಬಲ್ಲವರೊಬ್ಬರು ರಸ್ತೆಗಾಗಿ ಯೋಚಿಸಿ ಮಾಡಿದ ಬೇರೆಯೇ ವಸ್ತು.

ಡಿಕ್ಕಿ ಹೊಡೆದಾಗ ಏನಾಗುತ್ತದೆ

ಒಂದು ಸಣ್ಣ ಲೆಕ್ಕ ಮಾಡೋಣ. ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಹೊಡೆಯಿತು ಅಂದುಕೊಳ್ಳಿ. ಅದು ಸೆಕೆಂಡಿಗೆ ಸುಮಾರು 14 ಮೀಟರ್. ಮೂತಿ ನುಗ್ಗಾಗುತ್ತ 60 ಸೆಂಟಿಮೀಟರಿನಲ್ಲಿ ನಿಂತಿತು. ಒಳಗೆ ಕೂತವರ ದೇಹವೂ ಅದೇ ಅಂತರದಲ್ಲಿ ನಿಂತರೆ ಸರಾಸರಿ ಹೊರೆ ಗುರುತ್ವದ 16 ಪಟ್ಟು. 70 ಕಿಲೋ ತೂಕದ ಮನುಷ್ಯನನ್ನು ಬೆಲ್ಟು ಒಂದು ಟನ್‌ಗಿಂತ ಜಾಸ್ತಿ ಬಲದಿಂದ ಹಿಡಿಯಬೇಕು. ಎಲ್ಲ ಮುಗಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ.

ಈ ಲೆಕ್ಕದಲ್ಲಿ ಸಡಿಲಿಕೆ ಅನ್ನುವುದು ಶತ್ರು. ಪಟ್ಟಿ ಒಂದು ಗೇಣು ಸಡಿಲ ಇದ್ದರೆ ಕಾರು ನಿಲ್ಲಲು ಶುರುವಾದ ಮೇಲೂ ದೇಹ ಹಳೆಯ ವೇಗದಲ್ಲೇ ಮುಂದೆ ಹೋಗುತ್ತಿರುತ್ತದೆ. ಆಮೇಲೆ ಪಟ್ಟಿ ಬಿಗಿಯಾಗುವ ಹೊತ್ತಿಗೆ ಉಳಿದ ಜಾಗ ಕಡಿಮೆ. ಅದೇ ವೇಗ, ಕಡಿಮೆ ಅಂತರ, ಜಾಸ್ತಿ ಹೊರೆ. ಪಕ್ಕೆಲುಬು ಮುರಿಯುವುದು ಇಲ್ಲಿ.

ಕಾರಿನ ಮಾಮೂಲಿ ಬೆಲ್ಟು ಈ ಸಡಿಲಿಕೆಯನ್ನು ತಾನೇ ನೋಡಿಕೊಳ್ಳುತ್ತದೆ. ಬಾಗಿಲ ಪಕ್ಕದ ಕಂಬದೊಳಗೆ ಪಟ್ಟಿ ಸುತ್ತಿಕೊಳ್ಳುವ ರೀಲ್ ಇದೆ. ನಿಧಾನವಾಗಿ ಬಗ್ಗಿದರೆ ಬಿಟ್ಟುಕೊಡುತ್ತದೆ, ಜೋರಾಗಿ ಎಳೆದರೆ ಅಥವಾ ಕಾರು ಥಟ್ಟನೆ ನಿಧಾನವಾದರೆ ಕಚ್ಚಿಕೊಳ್ಳುತ್ತದೆ. ನನ್ನ ಗೆಳೆಯ ಬಗ್ಗಿ ನೋಡಬೇಕಾದಾಗ ಆ ಬೆಲ್ಟು ಅವನ ಜೊತೆಗೇ ಬಗ್ಗುತ್ತಿತ್ತು, ಕೂತಾಗ ಮತ್ತೆ ಬಿಗಿಯಾಗುತ್ತಿತ್ತು. ಈಗಿನ ಕಾರುಗಳಲ್ಲಿ ಇದರ ಮೇಲೆ ಪ್ರಿಟೆನ್ಷನರ್ ಬೇರೆ ಇರುತ್ತದೆ. ಡಿಕ್ಕಿ ಶುರುವಾದ ಕೂಡಲೇ ಒಂದು ಪುಟ್ಟ ಸಿಡಿಮದ್ದು ಸಿಡಿದು, ದೇಹ ಇನ್ನೂ ಕದಲುವ ಮೊದಲೇ ಪಟ್ಟಿಯನ್ನು ಹಿಂದಕ್ಕೆಳೆಯುತ್ತದೆ. ಅದಾದ ಮೇಲೆ ಲೋಡ್ ಲಿಮಿಟರ್ ಕೆಲಸ ಶುರು. ಎದೆಯ ಮೇಲಿನ ಒತ್ತಡ ಒಂದು ಮಿತಿ ದಾಟಿದಾಗ ರೀಲಿನೊಳಗಿನ ಲೋಹದ ಸರಳು ತಿರುಚಿಕೊಂಡು, ಪಟ್ಟಿಯನ್ನು ಅಳೆದು ಅಳೆದು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಎದೆ ಮುಂದೆ ಸರಿಯುತ್ತದೆ, ಅಷ್ಟರಲ್ಲಿ ಉಬ್ಬಿ ನಿಂತ ಏರ್‌ಬ್ಯಾಗ್ ಅದನ್ನೂ ತಲೆಯನ್ನೂ ಸೇರಿಸಿ ತಡೆಯುತ್ತದೆ. ಬೆಲ್ಟು ಎಷ್ಟು ಬಿಡಬೇಕು, ಏರ್‌ಬ್ಯಾಗ್ ಯಾವಾಗ ತುಂಬಬೇಕು, ಎಲ್ಲವನ್ನೂ ಆ ಒಂದೇ ಕಾರಿಗಾಗಿ ಡಿಕ್ಕಿ ಹೊಡೆಸಿ ಹೊಡೆಸಿ ಹೊಂದಿಸಿರುತ್ತಾರೆ.

ಹಾರ್ನೆಸ್‌ನಲ್ಲಿ ರೀಲ್ ಇಲ್ಲ, ಸಿಡಿಮದ್ದೂ ಇಲ್ಲ. ಬಿಗಿಯುವುದು ಕೈಯಿಂದಲೇ. ರೇಸಿನಲ್ಲಿ ಅದು ಸರಿಹೋಗುತ್ತದೆ. ಚಾಲಕ ಒಮ್ಮೆ ಕೂತರೆ ಮತ್ತೆ ಏಳುವುದು ಓಟ ಮುಗಿದ ಮೇಲೆ, ಎಷ್ಟೋ ಸಲ ಬೇರೆಯವರೇ ಕಾಲೂರಿ ಎಳೆದು ಬಿಗಿದುಕೊಡುತ್ತಾರೆ. ರಸ್ತೆಯಲ್ಲಿ ಯಾರು ದಿನಕ್ಕೆ ಹತ್ತು ಸಲ ಹಾಗೆ ಬಿಗಿಯುತ್ತಾರೆ? ಮೊದಲ ವಾರ ಬಿಗಿಯುತ್ತಾರೆ. ಆಮೇಲೆ ಒಂದು ಗೇಣು.

ಸರಿ, ಬಿಗಿಯಾಗಿಯೇ ಕಟ್ಟಿಕೊಂಡೆವು ಅನ್ನೋಣ. ಆಗ ಬೇರೆ ಕಷ್ಟ ಶುರು. ಎರಡೂ ಭುಜ ಸೀಟಿಗೆ ಅಂಟಿಕೊಂಡಿವೆ, ಎದೆ ಕದಲುವುದಿಲ್ಲ. ಕದಲುವುದು ಒಂದೇ, ತಲೆ. ಮನುಷ್ಯನ ತಲೆ 4.5ರಿಂದ 5 ಕಿಲೋ ತೂಗುತ್ತದೆ. ಮೇಲಿನ ಲೆಕ್ಕದ 16 ಪಟ್ಟಿನಲ್ಲಿ ಅದು 80 ಕಿಲೋ ಎಳೆದ ಹಾಗೆ, ಎಲ್ಲ ಭಾರ ಕುತ್ತಿಗೆಯ ಮೇಲೆ. ಸರಾಸರಿಯೇ ಇಷ್ಟು, ಗರಿಷ್ಠ ಹೊರೆ ಇನ್ನೂ ಜಾಸ್ತಿ. ಮೂರು ಬಿಂದುವಿನ ಬೆಲ್ಟಿನಲ್ಲಿ ಒಂದು ಭುಜ ಬಿಡುವಾಗಿರುವುದರಿಂದ ಮೈಯ ಮೇಲ್ಭಾಗ ಸ್ವಲ್ಪ ತಿರುಗಿಕೊಂಡು ಮುಂದೆ ಹೋಗುತ್ತದೆ, ಕುತ್ತಿಗೆಗೆ ಅಷ್ಟು ಉಸಿರು ಸಿಗುತ್ತದೆ.

ರೇಸಿನವರು ಈ ಪಾಠವನ್ನು ಜೀವ ತೆತ್ತು ಕಲಿತರು. ತಲೆಬುರುಡೆಯ ತಳ ಬಿರುಕುಬಿಡುವುದು ಇಂಥ ಡಿಕ್ಕಿಯ ಗುರುತಿನ ಗಾಯ. 1994ರಲ್ಲಿ ಇಟಲಿಯ ಇಮೋಲಾದಲ್ಲಿ ಫಾರ್ಮುಲಾ ಒನ್ ಚಾಲಕ ರೋಲಂಡ್ ರಾಟ್ಜೆನ್‌ಬರ್ಗರ್, 2001ರ ಫೆಬ್ರವರಿ 18ರಂದು ಅಮೆರಿಕದ ಡೇಟೋನಾ 500 ಓಟದ ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್, ಇಬ್ಬರೂ ಆ ಗಾಯದಿಂದಲೇ ಹೋದರು. ಇಬ್ಬರ ಮೈಮೇಲೂ ಹಾರ್ನೆಸ್ ಇತ್ತು. ದುಃಖದ ಮಾತೆಂದರೆ ಇದಕ್ಕೆ ಪರಿಹಾರ ಆಗಲೇ ತಯಾರಾಗಿತ್ತು. ದೇಹಕ್ಕೆ ಪೆಟ್ಟು ಬೀಳುವ ಬಗೆಯನ್ನು ಓದಿಕೊಂಡಿದ್ದ ಪ್ರಾಧ್ಯಾಪಕ ರಾಬರ್ಟ್ ಹಬರ್ಡ್ ಮತ್ತು ಅವರ ಸಂಬಂಧಿ, ರೇಸ್ ಚಾಲಕ ಜಿಮ್ ಡೌನಿಂಗ್ ಸೇರಿ 1980ರ ದಶಕದಲ್ಲೇ ಹ್ಯಾನ್ಸ್ ಅನ್ನುವ ಕುತ್ತಿಗೆ ರಕ್ಷಕ ಮಾಡಿದ್ದರು. ಭುಜದ ಪಟ್ಟಿಗಳ ಕೆಳಗೆ ಕೂರುವ ಒಂದು ಗಟ್ಟಿ ಕೊರಳಪಟ್ಟಿ, ಅದರಿಂದ ಹೆಲ್ಮೆಟ್‌ಗೆ ಎರಡು ದಾರ. ಎದೆ ನಿಂತಾಗ ತಲೆಯೂ ಜೊತೆಗೇ ನಿಲ್ಲುತ್ತದೆ. ಅರ್ನ್‌ಹಾರ್ಟ್ ಹೋದ ವರ್ಷವೇ ಅಕ್ಟೋಬರ್‌ನಲ್ಲಿ ಅಮೆರಿಕದ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್ ಇಂಥ ರಕ್ಷಕವನ್ನು ಕಡ್ಡಾಯ ಮಾಡಿತು, 2003ರಲ್ಲಿ ಫಾರ್ಮುಲಾ ಒನ್ ಕೂಡ. ಆದರೆ ಹೆಲ್ಮೆಟ್ ಇಲ್ಲದೆ ಹ್ಯಾನ್ಸ್ ಇಲ್ಲ. ಹೆಲ್ಮೆಟ್ ಹಾಕಿದರೆ ಅಕ್ಕಪಕ್ಕದ ನೋಟ ಕಡಿಮೆ, ಹ್ಯಾನ್ಸ್ ಸಿಕ್ಕಿಸಿದರೆ ಕತ್ತು ತಿರುಗಿಸುವುದೂ ಕಷ್ಟ. ಪಾದಚಾರಿ, ಸೈಕಲ್ಲು, ಹಿಂದಿನಿಂದ ನುಗ್ಗುವ ಬೈಕು, ಇವೆಲ್ಲ ಇರುವ ರಸ್ತೆಯಲ್ಲಿ ಹಾಗೆ ಓಡಿಸುವುದು ಆಗದ ಕೆಲಸ.

ಹೊಟ್ಟೆಯ ಕಥೆ ಇನ್ನೊಂದು. ಸೊಂಟದ ಪಟ್ಟಿ ಕೂರಬೇಕಾದದ್ದು ಸೊಂಟದ ಮೂಳೆಯ ಮೇಲೆ. ಅದು ಗಟ್ಟಿ ಮೂಳೆ, ಟನ್‌ಗಟ್ಟಲೆ ಎಳೆತ ತಾಳುತ್ತದೆ. ಹೊಟ್ಟೆಯಲ್ಲಿ ತಾಳುವಂಥದ್ದು ಏನೂ ಇಲ್ಲ. ನಾಲ್ಕು ಪಟ್ಟಿಯ ಹಾರ್ನೆಸ್‌ನಲ್ಲಿ ಡಿಕ್ಕಿಯ ಹೊತ್ತಿಗೆ ಭುಜದ ಪಟ್ಟಿಗಳು ಬಕಲ್ಲನ್ನು ಮೇಲಕ್ಕೆ ಎಳೆಯುತ್ತವೆ. ಬಕಲ್ ಜೊತೆ ಸೊಂಟದ ಪಟ್ಟಿಯೂ ಮೂಳೆ ದಾಟಿ ಹೊಟ್ಟೆಗೆ ಏರುತ್ತದೆ, ದೇಹ ಪಟ್ಟಿಯ ಕೆಳಗಿನಿಂದ ಜಾರುತ್ತದೆ. ಇದಕ್ಕೆ ಸಬ್‌ಮರೀನಿಂಗ್ ಅನ್ನುತ್ತಾರೆ. ಕರುಳು, ಪಿತ್ತಜನಕಾಂಗ, ಗುಲ್ಮ ಎಲ್ಲಕ್ಕೂ ಅಪಾಯ. ಐದನೆಯ, ಆರನೆಯ ಪಟ್ಟಿಗಳು ತೊಡೆಗಳ ನಡುವಿನಿಂದ ಬಂದು ಬಕಲ್ಲನ್ನು ಕೆಳಗೆ ಹಿಡಿಯುವುದು ಇದೇ ಕಾರಣಕ್ಕೆ. ಅದಕ್ಕೆ ಸೀಟಿನ ತಳದಲ್ಲಿ ತೂತು ಬೇಕು, ನೆಲದಲ್ಲಿ ಗಟ್ಟಿ ಆಧಾರ ಬೇಕು. ಮಾಮೂಲಿ ಸೀಟಿನಲ್ಲಿ ಎರಡೂ ಇಲ್ಲ. ಹಾಗಾಗಿ ರಸ್ತೆ ಕಾರುಗಳಲ್ಲಿ ಜಾಸ್ತಿ ಕಾಣುವುದು ನಾಲ್ಕು ಪಟ್ಟಿಯದ್ದೇ, ಅಂದರೆ ಎಲ್ಲಕ್ಕಿಂತ ಹೆಚ್ಚು ತೊಂದರೆಯದ್ದು.

ಇಲ್ಲಿ ಜರ್ಮನಿಯ ಶ್ರೋಟ್ ಕಂಪನಿಯ ಒಂದು ಜಾಣ್ಮೆಯನ್ನು ಹೇಳಲೇಬೇಕು. ಅವರ ಕೆಲವು ನಾಲ್ಕು ಪಟ್ಟಿಯ ಹಾರ್ನೆಸ್‌ಗಳಲ್ಲಿ ಒಂದು ಭುಜದ ಪಟ್ಟಿಯನ್ನು ಮಡಚಿ ಹೊಲಿದಿರುತ್ತಾರೆ. ಡಿಕ್ಕಿಯಲ್ಲಿ ಆ ಹೊಲಿಗೆ ಬೇಕೆಂದೇ ಬಿಚ್ಚಿಕೊಂಡು ಆ ಪಟ್ಟಿ ಮಾತ್ರ ಉದ್ದವಾಗುತ್ತದೆ. ಒಂದು ಭುಜ ಮುಂದೆ ಹೋಗುತ್ತದೆ, ದೇಹ ಸ್ವಲ್ಪ ತಿರುಗುತ್ತದೆ, ಸೊಂಟ ಕೆಳಗೇ ಉಳಿಯುತ್ತದೆ. ನಾಲ್ಕು ಪಟ್ಟಿಯ ಹಾರ್ನೆಸ್ಸನ್ನು ಸುರಕ್ಷಿತ ಮಾಡಲು ಅವರು ಆರಿಸಿಕೊಂಡ ದಾರಿ, ಅದು ಮೂರು ಬಿಂದುವಿನ ಬೆಲ್ಟಿನ ಹಾಗೆ ನಡೆದುಕೊಳ್ಳುವಂತೆ ಮಾಡುವುದು.

ಇನ್ನು ಪಟ್ಟಿಯ ಇನ್ನೊಂದು ತುದಿಯನ್ನು ಎಲ್ಲಿ ಕಟ್ಟುವುದು? ಹೆಚ್ಚಿನವರು ಹಿಂದಿನ ಸೀಟಿನ ಬೆಲ್ಟಿನ ಬೋಲ್ಟಿಗೇ ಕಟ್ಟುತ್ತಾರೆ. ನನ್ನ ಗೆಳೆಯನೂ ಹಾಗೇ ಮಾಡಿದ್ದ. ಆ ಬೋಲ್ಟು ಕಾರಿನ ನೆಲದ ಹತ್ತಿರ ಇರುತ್ತದೆ. ಪಟ್ಟಿ ಭುಜದಿಂದ ಕಡಿದಾಗಿ ಕೆಳಗಿಳಿಯುತ್ತದೆ. ಡಿಕ್ಕಿಯಲ್ಲಿ ಎದೆ ಮುಂದೆ ನುಗ್ಗಿದಾಗ ಪಟ್ಟಿ ಭುಜವನ್ನು ಹಿಂದಕ್ಕೆ ಎಳೆಯುವುದರ ಜೊತೆಗೆ ಕೆಳಕ್ಕೂ ಜಗ್ಗುತ್ತದೆ, ಬೆನ್ನುಮೂಳೆ ಮೇಲಿಂದ ಕುಟ್ಟಿದ ಹಾಗೆ ಅದುಮಿಕೊಳ್ಳುತ್ತದೆ. ರೇಸುಗಳ ಜಾಗತಿಕ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಭುಜದ ಪಟ್ಟಿ ಸೀಟಿನ ಬೆನ್ನಿನ ಅಂಚಿನಿಂದ ಹಿಂದಕ್ಕೆ 45 ಡಿಗ್ರಿಗಿಂತ ಕೆಳಗೆ ಇಳಿಯಬಾರದು, 10 ಡಿಗ್ರಿ ದಾಟದಿದ್ದರೆ ಒಳ್ಳೆಯದು. ಹೊಸದಾಗಿ ನೆಲಕ್ಕೆ ತೂತು ಕೊರೆದು ಕಟ್ಟುವುದಾದರೆ ಅಡಿಯಲ್ಲಿ ಕನಿಷ್ಠ 40 ಚದರ ಸೆಂಟಿಮೀಟರ್ ಅಗಲದ, 3 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಕೊಡಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ಸುಮ್ನೆ ಒಂದು ವಾಷರ್ ಇಟ್ಟು ಬಿಗಿದ ಬೋಲ್ಟು ತೆಳು ನೆಲವನ್ನು ಹರಿದುಕೊಂಡು ಬರುತ್ತದೆ.

10 ಡಿಗ್ರಿ ಸಿಗಬೇಕಾದರೆ ಸೀಟಿನ ಹಿಂದೆ ಅಡ್ಡ ಸರಳು ಬೇಕು. ಅಡ್ಡ ಸರಳು ಹಾಕಿದರೆ ಹಿಂದಿನ ಸೀಟು ಬಳಕೆಗೆ ಬರುವುದಿಲ್ಲ. ಕಾರು ಪಲ್ಟಿ ಹೊಡೆದರೆ ಇನ್ನೊಂದು ಅಪಾಯ. ಛಾವಣಿ ಕುಸಿದು ಬರುವಾಗ ಮಾಮೂಲಿ ಬೆಲ್ಟಿನವರ ಮೈಯ ಮೇಲ್ಭಾಗ ಪಕ್ಕಕ್ಕೆ ವಾಲುತ್ತದೆ, ಹಾರ್ನೆಸ್‌ನವರು ನೆಟ್ಟಗೆ ಕೂತೇ ಇರುತ್ತಾರೆ. ಅದಕ್ಕೆ ರೋಲ್ ಕೇಜ್ ಬೇಕು ಅನ್ನುತ್ತಾರೆ. ರೋಲ್ ಕೇಜ್ ಅಂದರೆ ಕಾರಿನೊಳಗೆ ಕೂರಿಸುವ ಉಕ್ಕಿನ ಕೊಳವೆಗಳ ಗೂಡು. ಹೆಲ್ಮೆಟ್ ಇಲ್ಲದ ತಲೆ ಅದಕ್ಕೆ ಬಡಿದರೆ ಸಣ್ಣ ಡಿಕ್ಕಿಯೇ ದೊಡ್ಡದಾಗುತ್ತದೆ. ಹೀಗೆ ಒಂದು ಪಟ್ಟಿ ಬದಲಿಸಲು ಹೋದರೆ ಸೀಟು, ಸೀಟು ಬದಲಿಸಿದರೆ ಅದರೊಳಗಿನ ಪಕ್ಕದ ಏರ್‌ಬ್ಯಾಗ್, ಆಮೇಲೆ ಕೇಜ್, ಆಮೇಲೆ ಹೆಲ್ಮೆಟ್. ಕೊನೆಗೆ ಉಳಿಯುವುದು ರೇಸ್ ಕಾರು, ರಸ್ತೆ ಕಾರಲ್ಲ. ನಡುವೆ ಎಲ್ಲಿ ನಿಲ್ಲಿಸಿದರೂ ಕೊಂಡಿ ಒಂದು ಕಡಿಮೆ.

ಕಾರಿನ ಕಂಪ್ಯೂಟರಿಗೂ ಇದು ಗೊಂದಲ. ಮಾಮೂಲಿ ಬಕಲ್ ಖಾಲಿ ಇದ್ದರೆ ಅದು ಬೆಲ್ಟೇ ಹಾಕಿಲ್ಲ ಅಂತ ತಿಳಿಯುತ್ತದೆ. ಕೆಲವು ಕಾರುಗಳಲ್ಲಿ ಬೆಲ್ಟು ಹಾಕದವರಿಗೆ ಏರ್‌ಬ್ಯಾಗ್ ಕಡಿಮೆ ವೇಗದ ಡಿಕ್ಕಿಗೇ ಸಿಡಿಯುವ ಹಾಗೆ ಹೊಂದಿಸಿರುತ್ತಾರೆ. ಎಚ್ಚರಿಕೆಯ ಶಬ್ದ ತಡೆಯಲಾರದೆ ಬಕಲ್‌ಗೆ ಖಾಲಿ ಕ್ಲಿಪ್ ಸಿಕ್ಕಿಸುವವರೂ ಇದ್ದಾರೆ. ಕಾರಿಗೆ ಸುಳ್ಳು ಹೇಳಿದರೆ ಅದು ಸುಳ್ಳನ್ನೇ ನಂಬಿ ಲೆಕ್ಕ ಹಾಕುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕಾನೂನು ಏನನ್ನು ನೋಡುತ್ತದೆ

"ಹಾರ್ನೆಸ್ ಹಾಕುವುದು ಕಾನೂನುಬದ್ಧವೇ?" ಅನ್ನುವ ಪ್ರಶ್ನೆಗೆ ಹೌದು ಅಥವಾ ಇಲ್ಲ ಅನ್ನುವ ಒಂದು ಉತ್ತರ ಸಿಗುವುದಿಲ್ಲ. ಅದು ನಿಜವಾಗಿ ಮೂರು ಪ್ರಶ್ನೆ. ಈ ಪಟ್ಟಿಗೆ ರಸ್ತೆಯ ಒಪ್ಪಿಗೆ ಇದೆಯೇ? ಅದನ್ನು ಕಟ್ಟಿದ ಜಾಗ ಲೆಕ್ಕದ ಹೊರೆ ತಾಳುತ್ತದೆಯೇ? ಕಾರಿನ ಮೂಲ ಬೆಲ್ಟು ಮತ್ತು ಏರ್‌ಬ್ಯಾಗ್ ಇದ್ದ ಹಾಗೇ ಇವೆಯೇ?

ಮೊದಲನೆಯದರಲ್ಲೇ ತುಂಬಾ ಜನ ಎಡವುತ್ತಾರೆ. ಹಾರ್ನೆಸ್ ಮೇಲೆ ಎಫ್‌ಐಎ ಅಥವಾ ಅಮೆರಿಕದ ರೇಸ್ ಸಲಕರಣೆಗಳ ಮಾನದಂಡ ಸಂಸ್ಥೆ ಎಸ್‌ಎಫ್‌ಐ ಚೀಟಿ ನೋಡಿ "ಸರ್ಟಿಫಿಕೇಟ್ ಇದೆಯಲ್ಲ" ಅಂದುಕೊಳ್ಳುತ್ತಾರೆ. ಎಫ್‌ಐಎ 8853, ಎಸ್‌ಎಫ್‌ಐ 16.1, ಇವೆಲ್ಲ ರೇಸಿನ ಮಾನದಂಡಗಳು. ಹೆಲ್ಮೆಟ್, ರೇಸ್ ಸೀಟು ಎಲ್ಲ ಇದೆ ಅಂದುಕೊಂಡೇ ಬರೆದವು. ರಸ್ತೆಯ ಒಪ್ಪಿಗೆ ಬೇರೆ. ಯುರೋಪು ಮತ್ತು ವಿಶ್ವಸಂಸ್ಥೆಯ ವಾಹನ ನಿಯಮಗಳನ್ನು ಪಾಲಿಸುವ ಇತರ ದೇಶಗಳಲ್ಲಿ ಬೆಲ್ಟಿಗೆ 16ನೇ ನಿಯಮ, ಬೆಲ್ಟು ಕಟ್ಟುವ ಜಾಗಕ್ಕೆ 14ನೇ ನಿಯಮ. 16ರ ಪರೀಕ್ಷೆ ಪಾಸಾದ ಬೆಲ್ಟಿನ ಚೀಟಿಯಲ್ಲಿ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಅಂಕಿ ಇರುತ್ತದೆ. 1 ಅಂದರೆ ಜರ್ಮನಿ, 3 ಇಟಲಿ, 4 ನೆದರ್ಲೆಂಡ್ಸ್, 11 ಬ್ರಿಟನ್. ಅಲ್ಲೇ ಬೆಲ್ಟಿನ ಬಗೆಯೂ ಇರುತ್ತದೆ. ಮೂರು ಬಿಂದುವಿನದ್ದಕ್ಕೆ ಎ, ಸೊಂಟದ್ದು ಮಾತ್ರ ಇದ್ದರೆ ಬಿ, ವಿಶೇಷ ಬಗೆಗೆ ಎಸ್. ಹಾರ್ನೆಸ್ ಬೆಲ್ಟು ಈ ಎಸ್ ಗುಂಪಿಗೆ ಸೇರುತ್ತದೆ. ಅಂದರೆ ಈ ನಿಯಮ ಹಾರ್ನೆಸ್ಸನ್ನು ಹೊರಗಿಟ್ಟಿಲ್ಲ, ತನ್ನ ಪರೀಕ್ಷೆ ಪಾಸಾಗು ಅನ್ನುತ್ತದೆ.

ಪಾಸಾದವು ನೋಡಲೂ ಬೇರೆ ಥರ ಇರುತ್ತವೆ. ರೇಸ್ ಹಾರ್ನೆಸ್‌ನ ದುಂಡು ಬಕಲ್ಲನ್ನು ತಿರುಗಿಸಿ ಬಿಚ್ಚಬೇಕು. ರಸ್ತೆಯ ಒಪ್ಪಿಗೆ ಪಡೆದವುಗಳಲ್ಲಿ ಮಾಮೂಲಿ ಬೆಲ್ಟಿನ ಹಾಗೆ ಕೆಂಪು ಗುಂಡಿ ಇರುತ್ತದೆ, ಒಂದೇ ಕೈಯಲ್ಲಿ ಒತ್ತಿದರೆ ಬಿಚ್ಚುತ್ತದೆ. ಇದು ಬರೀ ಕಾಗದದ ನಿಯಮ ಅಲ್ಲ. ಅಪಘಾತ ಆದಾಗ ಮೊದಲು ಓಡಿ ಬರುವುದು ದಾರಿಹೋಕರು. ಅವರು ಜೀವಮಾನದಲ್ಲಿ ಒಮ್ಮೆಯೂ ರೇಸ್ ಬಕಲ್ ನೋಡಿರುವುದಿಲ್ಲ. ಕೆಂಪು ಗುಂಡಿ ಎಲ್ಲರಿಗೂ ಗೊತ್ತು.

ಎರಡನೆಯ ಪ್ರಶ್ನೆ ಕಟ್ಟುವ ಜಾಗದ್ದು. 14ನೇ ನಿಯಮದಲ್ಲಿ ಮಾಮೂಲಿ ಕಾರಿನ ಬೆಲ್ಟಿನ ಆಧಾರಗಳನ್ನು ಎದೆಯ ಪಟ್ಟಿಗೆ 13,500 ನ್ಯೂಟನ್, ಸೊಂಟದ ಪಟ್ಟಿಗೂ ಅಷ್ಟೇ ಬಲ ಹಾಕಿ ಎಳೆದು ನೋಡುತ್ತಾರೆ. ಒಂದೊಂದೂ ಸುಮಾರು 1,375 ಕಿಲೋ ತೂಗುಹಾಕಿದ ಹಾಗೆ. ತಯಾರಕರು ಪರೀಕ್ಷೆ ಮಾಡಿಸಿರುವುದು ಮೂಲ ಬಿಂದುಗಳಿಗೆ ಮಾತ್ರ, ಮೂಲ ಬೆಲ್ಟು ಎಳೆಯುವ ದಿಕ್ಕಿಗೆ ಮಾತ್ರ. ಅಂಗಳದಲ್ಲಿ ಡ್ರಿಲ್ ಹಿಡಿದು ಕೊರೆದ ತೂತಿಗೆ ಇಂಥ ಯಾವ ದಾಖಲೆಯೂ ಇರುವುದಿಲ್ಲ. ಪಟ್ಟಿಗೆ ಒಳ್ಳೆಯ ಚೀಟಿ ಇದ್ದರೂ ತಪ್ಪು ಜಾಗಕ್ಕೆ ಕಟ್ಟಿದರೆ ಆ ಚೀಟಿಗೆ ಬೆಲೆ ಇಲ್ಲ. ಒಪ್ಪಿಗೆ ಪಡೆದ ಹಾರ್ನೆಸ್‌ಗಳ ಜೊತೆ ಯಾವ ಕಾರಿಗೆ, ಯಾವ ಬಿಂದುವಿಗೆ ಕಟ್ಟಬಹುದು ಅಂತ ಕೈಪಿಡಿ ಬರುವುದು ಇದಕ್ಕೇ. ಜರ್ಮನಿಯಲ್ಲಿ ಇಂಥ ಒಪ್ಪಿಗೆ ಇಲ್ಲದ ಭಾಗ ಹಾಕಿ ಅದರಿಂದ ಅಪಾಯ ಆಗುವಂತಿದ್ದರೆ, ವಾಹನವನ್ನು ರಸ್ತೆಯಲ್ಲಿ ಓಡಿಸುವ ಅನುಮತಿಯೇ ಬಿದ್ದುಹೋಗಬಹುದು.

ಅಮೆರಿಕದ ದಾರಿ ಸ್ವಲ್ಪ ಬೇರೆ. ಅಲ್ಲಿ ಕೇಂದ್ರದ ಸುರಕ್ಷತಾ ಮಾನದಂಡ 209 ಬೆಲ್ಟಿಗೆ, 210 ಆಧಾರಕ್ಕೆ, 208 ಒಟ್ಟು ಕಾರಿನಲ್ಲಿ ಏನಿರಬೇಕು ಅನ್ನುವುದಕ್ಕೆ. ತಯಾರಕರು, ಮಾರಾಟಗಾರರು, ರಿಪೇರಿ ಅಂಗಡಿಯವರು ಕಾರಿಗೆ ಹಾಕಿ ಬಂದ ಸುರಕ್ಷತಾ ಸಾಧನವನ್ನು ಕೆಲಸ ಮಾಡದ ಹಾಗೆ ಮಾಡುವಂತಿಲ್ಲ ಅನ್ನುತ್ತದೆ ಕೇಂದ್ರದ ಕಾನೂನು. ಆ ನಿಷೇಧ ಕಾರಿನ ಮಾಲೀಕರಿಗೆ ಅನ್ವಯಿಸುವುದಿಲ್ಲ. ಇದನ್ನೇ ಹಿಡಿದು "ನಾನೇ ಬಿಚ್ಚಿದರೆ ತಪ್ಪಿಲ್ಲ" ಅಂತ ವಾದಿಸುವವರಿದ್ದಾರೆ. ಆದರೆ ಬೆಲ್ಟು ಧರಿಸುವ ಕಾನೂನು ಆಯಾ ರಾಜ್ಯದ್ದು, ವಾಹನ ತಪಾಸಣೆಯ ನಿಯಮವೂ ರಾಜ್ಯದ್ದು. ಕೇಂದ್ರದ ಒಂದು ಕಲಂ ತಡೆಯಲಿಲ್ಲ ಅಂದ ಮಾತ್ರಕ್ಕೆ ದಾರಿ ತೆರೆದಿದೆ ಅಂತ ಅರ್ಥವಲ್ಲ. ಅಂಗಡಿಯೊಂದು "ನಾವು ಮೂಲ ಬೆಲ್ಟು ಬಿಚ್ಚುವುದಿಲ್ಲ" ಅಂದರೆ ಅವರು ಕಾನೂನು ತಿಳಿದವರು ಅಂತ ಗೌರವಿಸಿ.

ಇನ್ನು ಹೆಚ್ಚು ಜನ ಯೋಚಿಸದ ಒಂದು ವಿಷಯ ಇನ್ಶುರೆನ್ಸ್. ಕಾರಿನಲ್ಲಿ ಮಾಡಿದ ಬದಲಾವಣೆ ತಿಳಿಸದೆ ಇದ್ದು, ಅಪಘಾತದಲ್ಲಿ ಗಾಯಕ್ಕೂ ಆ ಬದಲಾವಣೆಗೂ ನಂಟು ಕಂಡರೆ, ಪರಿಹಾರದ ಮಾತು ವಿವಾದಕ್ಕೆ ಬೀಳುತ್ತದೆ. ಹಾಕಿಸುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಟ್ರ್ಯಾಕಿಗೂ ಹೋಗುವವರಿಗೆ

ವಾರಾಂತ್ಯದಲ್ಲಿ ಟ್ರ್ಯಾಕಿಗೆ, ಉಳಿದ ದಿನ ಕೆಲಸಕ್ಕೆ, ಒಂದೇ ಕಾರು. ಇಂಥವರ ಆಸೆ ನನಗೆ ಅರ್ಥವಾಗುತ್ತದೆ. ತಿರುವಿನಲ್ಲಿ ಮೈ ಜಾರದೆ ಕೂತರೆ ಸ್ಟೀರಿಂಗ್ ಮೇಲೆ ಹಿಡಿತ ಎಷ್ಟು ಹಗುರಾಗುತ್ತದೆ ಅಂತ ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ. ಅವರಿಗೆ ನನ್ನ ಸಲಹೆ ನೇರ. ಮೂಲ ಬೆಲ್ಟನ್ನು ಮುಟ್ಟಬೇಡಿ, ಅದು ಪೂರ್ತಿ ಕೆಲಸ ಮಾಡುವ ಸ್ಥಿತಿಯಲ್ಲೇ ಇರಲಿ. ರಸ್ತೆಯಲ್ಲಿ ಅದನ್ನೇ ಹಾಕಿ. ಟ್ರ್ಯಾಕಿನಲ್ಲಿ ಹಾರ್ನೆಸ್ ಹಾಕುವುದಾದರೆ ಸರಿಯಾದ ಸೀಟು, ಸರಿಯಾದ ಕೋನ, ಆರು ಪಟ್ಟಿ, ಹೆಲ್ಮೆಟ್, ಹ್ಯಾನ್ಸ್ ಎಲ್ಲವನ್ನೂ ಒಟ್ಟಿಗೆ ತನ್ನಿ. ಅರ್ಧ ತರುವುದಾದರೆ ಮೂರು ಬಿಂದುವಿನ ಬೆಲ್ಟಿನಲ್ಲೇ ಓಡಿಸಿ. ಎರಡು ಬೆಲ್ಟನ್ನೂ ಒಟ್ಟಿಗೆ ಹಾಕಿಕೊಳ್ಳುವುದೂ ಬೇಡ, ಡಿಕ್ಕಿಯಲ್ಲಿ ಅವು ಒಂದನ್ನೊಂದು ಎಳೆದಾಡುತ್ತವೆ.

ಹಳೆಯ ಹಾರ್ನೆಸ್ ಅಗ್ಗಕ್ಕೆ ಸಿಗುತ್ತದೆ ಅಂತ ಕೊಳ್ಳುವ ಮುಂಚೆ ಚೀಟಿಯ ತಾರೀಕು ನೋಡಿ. ಪಾಲಿಯೆಸ್ಟರ್ ಪಟ್ಟಿ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ, ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಎಸ್‌ಎಫ್‌ಐ 16.1 ಪಟ್ಟಿಯ ಆಯಸ್ಸು ತಯಾರಾದ ದಿನದಿಂದ 2 ವರ್ಷ. ಎಫ್‌ಐಎ ಪಟ್ಟಿಯ ಮೇಲೆ ಯಾವ ವರ್ಷದ ನಂತರ ಬಳಸಬಾರದು ಅಂತ ಅಚ್ಚು ಹಾಕಿರುತ್ತದೆ. ಒಂದು ಡಿಕ್ಕಿ ಕಂಡ ಪಟ್ಟಿಯ ನೂಲು ಆಗಲೇ ಹಿಗ್ಗಿರುತ್ತದೆ, ಎರಡನೆಯ ಸಲ ಅದನ್ನು ನಂಬುವಂತಿಲ್ಲ. ಕಾರಿನ ಮಾಮೂಲಿ ಬೆಲ್ಟಿಗೂ ಈ ಮಾತು ಅನ್ವಯ.

ಆ ಮಾಮೂಲಿ ಬೆಲ್ಟನ್ನು ಚೆನ್ನಾಗಿ ಹಾಕಿಕೊಳ್ಳುವವರೂ ಕಡಿಮೆಯೇ. ದಪ್ಪ ಜಾಕೆಟ್ ಇದ್ದರೆ ತೆಗೆಯಿರಿ, ಅದೂ ಒಂದು ಬಗೆಯ ಸಡಿಲಿಕೆ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆಯ ಬುಡದಲ್ಲಿ, ಮೂಳೆ ಕೈಗೆ ಸಿಗುವ ಕಡೆ ಕೂರಬೇಕು. ಮೇಲಿನ ಪಟ್ಟಿ ಕುತ್ತಿಗೆಗೆ ಉಜ್ಜದೆ, ಭುಜದಿಂದ ಜಾರದೆ, ಭುಜದ ಮಧ್ಯದಲ್ಲಿ ಹೋಗಬೇಕು. ಅದಕ್ಕೆಂದೇ ಎಷ್ಟೋ ಕಾರುಗಳ ಕಂಬದಲ್ಲಿ ಎತ್ತರ ಹೊಂದಿಸುವ ಗುಂಡಿ ಇದೆ. ಸಿಕ್ಕಿಸಿದ ಮೇಲೆ ಎದೆಯ ಪಟ್ಟಿಯನ್ನು ಒಮ್ಮೆ ಮೇಲಕ್ಕೆಳೆದರೆ ಸೊಂಟದ ಸಡಿಲಿಕೆ ಹೋಗುತ್ತದೆ. ಸೀಟಿನ ಬೆನ್ನು ಹಿಂದಕ್ಕೆ ಒರಗಿಸಿ ಮಲಗಿದ ಹಾಗೆ ಕೂತರೆ ಇಲ್ಲೂ ಸಬ್‌ಮರೀನಿಂಗ್ ಆಗುತ್ತದೆ. ಸ್ಟೀರಿಂಗ್‌ಗೂ ಎದೆಗೂ ನಡುವೆ 25 ಸೆಂಟಿಮೀಟರ್ ಆದರೂ ಇರಲಿ.

ಗೆಳೆಯ ಕೊನೆಗೆ ಹಾರ್ನೆಸ್ ಬಿಚ್ಚಿದ. ಹಿಂದಿನ ಸೀಟಿನ ಬೋಲ್ಟುಗಳನ್ನು ತೆಗೆದು, ಕಾರಿನ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚ್ ಹಿಡಿದು ಮೂಲ ಬೆಲ್ಟುಗಳನ್ನು ಮತ್ತೆ ಕೂರಿಸಿದ. ನಾನು ಪಕ್ಕದಲ್ಲೇ ಇದ್ದೆ. ಒಂದೊಂದು ಪಟ್ಟಿಯನ್ನೂ ಪೂರ್ತಿ ಹೊರಗೆಳೆದು ಅಂಚು ಸವೆದಿದೆಯಾ ಅಂತ ನೋಡಿದೆವು. ನಿಧಾನವಾಗಿ ಬಿಟ್ಟೆವು, ಸುತ್ತಿಕೊಂಡಿತು. ಥಟ್ಟನೆ ಜಗ್ಗಿದೆವು, ಕಚ್ಚಿಕೊಂಡಿತು.